ಬಂಪರಿಗೆ ಕಟ್ಟಿದ ಪಂಚೆ

ವಿಘ್ನೇಶ್ವರ ಮಾಸ್ತರು ಕಾರು ಹತ್ತಿದವರೇ ಸೀಟ್ ಬೆಲ್ಟಿಗಿಂತ ಮೊದಲು ಕನ್ನಡಕ ಹಾಕಿಕೊಳ್ಳುತ್ತಿದ್ದರು. ರಸ್ತೆ ನೋಡುವುದಕ್ಕಲ್ಲ. ಹೊರಗಿನ ಉಷ್ಣಾಂಶ ತೋರಿಸುವ ಪುಟ್ಟ ಅಂಕಿಯೊಂದು ಸ್ಟೇರಿಂಗಿನ ಹಿಂದೆ ಮಿನುಗುತ್ತಿತ್ತು, ಅದನ್ನು ಓದಲಿಕ್ಕೆ. "ಶಿರಸಿ, ಮೂವತ್ತೊಂದು" ಎಂದು ಸಾರಿ, ಹಿಂದಿನ ಸೀಟಿನಲ್ಲಿದ್ದ ನನ್ನಿಂದಲೂ "ಮೂವತ್ತೊಂದು" ಎಂದು ಹೇಳಿಸಿಯೇ ಗಾಡಿ ಹೊರಡಿಸುತ್ತಿದ್ದರು. ಹಾಜರಿ ಕರೆದು ಕರೆದು ಪಳಗಿದ ದನಿ ಅದು. ನಿವೃತ್ತಿಯ ಮೇಲೆ ಅದಕ್ಕೆ ಬೇರೆ ಕೆಲಸ ಸಿಕ್ಕಿರಲಿಲ್ಲ.

ಹೈಸ್ಕೂಲಿನಲ್ಲಿ ನನಗೆ ವಿಜ್ಞಾನ ಕಲಿಸಿದವರು ಅವರೇ. ನೀರು ಆವಿಯಾಗುವ ಪಾಠದ ದಿನ ಸ್ಪಿರಿಟ್ ಬಾಟಲಿ ಹಿಡಿದು ಬೆಂಚಿನಿಂದ ಬೆಂಚಿಗೆ ನಡೆದು ನಮ್ಮ ಅಂಗೈಗೆ ಹಚ್ಚುತ್ತಿದ್ದರು. "ಊದ್ರೋ. ತಂಪಾತಾ? ಹಾರಿ ಹೋಗೋದು ಸುಮ್ನೆ ಹೋಗ್ತಿಲ್ಲೆ. ನಿಂಗಳ ಕೈಯ ಬಿಸಿ ಕದ್ಕಂಡು ಹೋಗ್ತು" ಎಂದು ತಮ್ಮ ಮನೆಮಾತಾದ ಹವಿಗನ್ನಡದಲ್ಲೇ ಹೇಳುತ್ತಿದ್ದರು. ಆ ಪಾಠವನ್ನು ನಮ್ಮ ತರಗತಿಯಲ್ಲಿ ಯಾರೂ ಮರೆತಿಲ್ಲ. ಮರೆತವರು ಮಾಸ್ತರು ಒಬ್ಬರೇ.

ಮುಂದೆ ಶಿರಸಿಯಲ್ಲಿ ನಾನು ಅವರ ಪಕ್ಕದ ಮನೆಗೇ ಬಂದೆ. ಅವರ ಹೆಂಡತಿ ಶಾರದಕ್ಕ ಐವತ್ತೆಂಟನೇ ವಯಸ್ಸಿನಲ್ಲಿ ಹಟ ಹಿಡಿದು ಡ್ರೈವಿಂಗ್ ಕಲಿತು ಲೈಸೆನ್ಸ್ ಪಡೆದಿದ್ದರು. ಎರಡು ವರ್ಷದಿಂದ ಅದು ಪರ್ಸಿನಲ್ಲೇ ಕೂತಿತ್ತು. ಮಾಸ್ತರು ಸ್ಟೇರಿಂಗ್ ಬಿಟ್ಟುಕೊಡುವವರಲ್ಲ. ಒಂದು ದಿನ ಮಳೆ, ಇನ್ನೊಂದು ದಿನ ತಿರುವು, ಮತ್ತೊಂದು ದಿನ ಗಾಡಿಗೆ ಹೊಸ ಕೈ ಒಗ್ಗುವುದಿಲ್ಲ. ಅಷ್ಟು ಒಳ್ಳೆಯ ಮನುಷ್ಯ ಎಷ್ಟು ಸಲೀಸಾಗಿ ನೆಪ ಹೇಳುತ್ತಾರಲ್ಲ ಎಂದು ನನಗೆ ಬೆರಗು. ಶಾರದಕ್ಕ ಮಾತ್ರ ಪ್ರತಿ ಸಲವೂ ಲೈಸೆನ್ಸ್ ಹಿಡಿದೇ ಹೊರಡುತ್ತಿದ್ದರು.

ಒಂದು ಏಪ್ರಿಲಿನಲ್ಲಿ ನಾವು ಮೂವರೂ ಶಾಲ್ಮಲೆ ಹೊಳೆಯಲ್ಲಿ ಮಿಂದು ಸೋಂದಾ ಮಠಕ್ಕೆ ಹೊರಟೆವು. ಮಠದಲ್ಲಿ ಊಟಕ್ಕೆ ಕೂರುವಾಗ ಮಾಸ್ತರಿಗೆ ಮಡಿ ಪಂಚೆ ಆಗಬೇಕು, ಅದು ಒಣಗುವವರೆಗೆ ಕಾಯುವ ತಾಳ್ಮೆ ಇಲ್ಲ. ಹಿಂಡಿದ ಪಂಚೆಯನ್ನು ಕಾರಿನ ಮುಂದಿನ ಬಂಪರಿಗೆ ಬಿಗಿಯಾಗಿ ಕಟ್ಟಿದರು.

"ಬಂಪರಿಗೆ ಕಟ್ಟಿದ್ದು ಎಂತಾ ಮಡಿ?" ಎಂದರು ಶಾರದಕ್ಕ.

"ಗಾಳಿಗೆ ಮೈಲಿಗೆ ಇಲ್ಲೆ" ಎಂದು ಮಾಸ್ತರು ಗಾಡಿ ಬಿಟ್ಟರು.

ಒಂದೆರಡು ಕಿಲೋಮೀಟರಿನಲ್ಲಿ ಅಂಕಿ ಇಳಿಯತೊಡಗಿತು. ಮೂವತ್ತಮೂರು, ಮೂವತ್ತು, ಇಪ್ಪತ್ತೇಳು. ಇಪ್ಪತ್ತೈದಕ್ಕೆ ಬಂದಾಗ ಮಾಸ್ತರನ್ನು ಹಿಡಿಯುವವರೇ ಇಲ್ಲ. "ಕಂಡ್ಯಾ? ಎಂಟು ಡಿಗ್ರಿ ತಂಪು. ಊಟಿಗೆ ಎಂತಕ್ಕೆ ಹೋಗವು?" ಎಂದು ಎಸಿ ಆರಿಸಿದರು. ಕಿಟಕಿ ಇಳಿಸಿದರು. ಶೀತವಾದೀತೆಂದು ಹೆಗಲ ಮೇಲಿನ ಶಾಲನ್ನು ಕಿವಿಗೆ ಸುತ್ತಿಕೊಂಡರು. ಒಳಗೆ ನುಗ್ಗಿದ್ದು ಕಾದ ಬಾಣಲೆಯ ಗಾಳಿ. ಶಾಲಿನೊಳಗಿಂದ ಬೆವರು ಗದ್ದಕ್ಕೆ ಇಳಿಯುತ್ತಿದ್ದರೂ ಮಾಸ್ತರು ತಂಪನ್ನು ಹೊಗಳುತ್ತಲೇ ಇದ್ದರು. ನಾನು ನಗು ತಡೆಯಲು ಕೆಮ್ಮಿದೆ. "ನೋಡು, ಅವಂಗೆ ಆಗ್ಲೇ ಥಂಡಿ" ಎಂದರು.

"ಎಂಗೆ ಬೆವರು ಹರೀತಾ ಇದ್ದು. ನಿಂಗಳ ಅಂಕಿ ಸುಳ್ಳು" ಎಂದು ಶಾರದಕ್ಕ ತಮ್ಮ ಕುತ್ತಿಗೆ ಒರೆಸಿಕೊಂಡರು.

"ಯಂತ್ರ ಸುಳ್ಳು ಹೇಳ್ತಿಲ್ಲೆ. ಸುಳ್ಳಾದ್ರೆ ಇವತ್ತಿಂದ ಸ್ಟೇರಿಂಗ್ ನಿಂಗೆ."

ಶಾರದಕ್ಕ ಅಲ್ಲೇ ಗಾಡಿ ನಿಲ್ಲಿಸಿದರು, ಅಂದರೆ ನಿಲ್ಲಿಸುವವರೆಗೆ ಬಿಡಲಿಲ್ಲ. ಇಳಿದು ಪಂಚೆ ಬಿಚ್ಚಿ, ಬಂಪರಿನ ಸಂದಿಗೆ ಕೈ ಹಾಕಿ ಸೆರಗಿನಿಂದ ಚೆನ್ನಾಗಿ ಒರೆಸಿ ಬಂದು ಕೂತರು. "ಈಗ ಹೋಗಿ." ಗಾಡಿ ಹೊರಟಿತು. ಇಪ್ಪತ್ತಾರು. ಇಪ್ಪತ್ತೊಂಬತ್ತು. ಮೂವತ್ತಮೂರು.

"ಬೇಸಿಗೇಲಿ ನೀರಿನ ಕೊಡಕ್ಕೆ ಒದ್ದೆ ಬಟ್ಟೆ ಸುತ್ತದು ಎಂತಕ್ಕೆ? ಬಿಸಿ ಅಳೆಯೋ ಕಡ್ಡಿ ಇಪ್ಪದು ಬಂಪರಿನ ಹಿಂದೆ. ನಿಂಗ ಅದಕ್ಕೇ ಪಂಚೆ ಸುತ್ತಿದ್ದಿ" ಎಂದರು ಶಾರದಕ್ಕ.

ಮಾಸ್ತರು ಶಾಲು ತೆಗೆದರು. ಕಾರನ್ನು ಬದಿಗೆ ಹಾಕಿ, ಸ್ಟೇರಿಂಗಿನ ಮೇಲೆ ಹಣೆಯಿಟ್ಟು ನಗತೊಡಗಿದರು. ಹಣೆ ತಾಗಿ ಹಾರ್ನ್ ಹೊಡೆದುಕೊಂಡಿತು, ಎದುರಿನ ಎಮ್ಮೆಯೊಂದು ತಿರುಗಿ ನೋಡಿತು. "ನೀರು ಕಡ್ಡಿಯ ಬಿಸಿ ಕದ್ದಿದ್ದು. ಮೂವತ್ತು ವರ್ಷ ಕಲಿಸಿದ್ದೆ. ಎಂಗೆ ಸೊನ್ನೆ" ಎನ್ನುತ್ತ ಇಳಿದು, ಕಾರು ಸುತ್ತಿ ಬಂದು ಹೆಂಡತಿಯ ಬಾಗಿಲು ತೆರೆದರು. ಸೋತವರ ಮುಖದಲ್ಲಿ ಅಷ್ಟು ಸಂತೋಷ ನಾನು ಕಂಡದ್ದಿಲ್ಲ. ಶಾರದಕ್ಕ ಎರಡು ಸಲ ಎಂಜಿನ್ ಬಂದ್ ಮಾಡಿ, ಮೂರನೆಯ ಸಲಕ್ಕೆ ನಮ್ಮನ್ನು ಮಠಕ್ಕೆ ಮುಟ್ಟಿಸಿದರು. ಮಾಸ್ತರು ಒದ್ದೆ ಪಂಚೆಯಲ್ಲೇ ಉಂಡರು. ಮಾತಿಗೆ ತಪ್ಪಿದವರಲ್ಲ, ಮತ್ತೆ ಆ ಸೀಟಿನಲ್ಲಿ ಅವರು ಕೂರಲಿಲ್ಲ.

ನಾಲ್ಕು ವರ್ಷದ ಮೇಲೆ ಸಕ್ಕರೆ ಕಾಯಿಲೆಗೆ ಅವರ ಕಣ್ಣು ಹೋಯಿತು, ಆಮೇಲೆ ಕಿಡ್ನಿ. ವಾರಕ್ಕೆ ಎರಡು ಸಲ ಹುಬ್ಬಳ್ಳಿಯ ಆಸ್ಪತ್ರೆ. ಓಡಿಸುತ್ತಿದ್ದವರು ಶಾರದಕ್ಕ. ಕೊನೆಯ ಸಲ ನಾನೂ ಜೊತೆಗಿದ್ದೆ. ಯಲ್ಲಾಪುರ ದಾಟುವಾಗ ಮಾಸ್ತರು ನನ್ನ ಕಡೆ ತಿರುಗಿ, "ಅವತ್ತು ಆನು ಗೆದ್ದಿದ್ರೆ ಇವತ್ತು ಎನ್ನ ಯಾರು ಕರ್ಕಂಡು ಹೋಗ್ತಿದ್ದ?" ಎಂದು ಅದೇ ನಗು ನಕ್ಕರು.

ಎರಡು ದಿನದಲ್ಲಿ ಆಸ್ಪತ್ರೆಯಲ್ಲೇ ತೀರಿಕೊಂಡರು. ಅವರನ್ನು ಹೊತ್ತ ಆಂಬುಲೆನ್ಸ್ ಮುಂದೆ ಹೊರಟಿತು. ಶಾರದಕ್ಕ ಕೀಲಿ ಹಿಡಿದು ಕಾರಿನ ಬಳಿ ಬಂದರು. ಕಾರು ನಾನು ತರುತ್ತೇನೆ, ಕೀಲಿ ಕೊಡಿ ಎಂದೆ.

"ಬೇಡ. ಸ್ಟೇರಿಂಗ್ ಅವು ಎಂಗೆ ಕೊಟ್ಟಿದ್ದು" ಎಂದರು. ಶಿರಸಿಯವರೆಗೂ ಗಂಡನ ಹಿಂದೆ ತಾವೇ ಓಡಿಸಿಕೊಂಡು ಬಂದರು.