ಹಿರಿತನದ ಪ್ರಕಾರ ಆಮ್ಲಜನಕ

ಕೊರೊನಾದ ಎರಡನೇ ಅಲೆ ಬಂದಾಗ ಗಿರಿನಗರದ ನಮ್ಮ ಅಪಾರ್ಟ್‌ಮೆಂಟಿನ ಸಂಘ ತಾರಸಿಯ ಮೇಲೆ ಸಭೆ ಸೇರಿತು. ಕುರ್ಚಿಗಳ ನಡುವೆ ಆರಡಿ ಅಂತರ, ಬಾಯಿಗೆ ಮಾಸ್ಕು. ಹಾಗಾಗಿ ಆಂತರಿಕ ಚರ್ಚೆಯನ್ನು ಕೂಗಿಯೇ ನಡೆಸಬೇಕಾಯಿತು. ಪಕ್ಕದ ಕಟ್ಟಡದವರು ಬಾಲ್ಕನಿಗೆ ಬಂದು ಆಲಿಸಿದರು.

ಅಧ್ಯಕ್ಷರು ನಿವೃತ್ತ ಎಂಜಿನಿಯರು. ಆಸ್ಪತ್ರೆಯಲ್ಲಿ ಹಾಸಿಗೆ ಸಿಗದಿದ್ದರೆ ಏನು ಗತಿ, ಆಂಬುಲೆನ್ಸ್ ತಡವಾದರೆ ಏನು ಗತಿ ಎಂದು ಅಪಾಯಗಳನ್ನೆಲ್ಲ ತೂಗಿ, ಎಪ್ಪತ್ತು ದಾಟಿದವರನ್ನು ಮೊದಲು ಕಾಪಾಡಬೇಕೆಂದು ತೀರ್ಮಾನಿಸಿದರು. ಚಂದಾ ಎತ್ತಿ, ಗಾಳಿಯಿಂದಲೇ ಆಮ್ಲಜನಕ ಸೋಸಿ ಕೊಡುವ ಯಂತ್ರವೊಂದನ್ನು ತಂದೆವು. ಅದಕ್ಕೆ ಅರಿಶಿನ ಕುಂಕುಮವೂ ಆಯಿತು.

ಆಮೇಲೆ ಹೊಣೆ ಹಂಚಿಕೆ. ಹಿರಿಯರು ಕೂತಿರುವಾಗ ಕಿರಿಯರಿಗೆ ಪದವಿ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಯಂತ್ರ ಎಲ್ಲರಿಗಿಂತ ಹಿರಿಯರಾದ ನೆಲಮಹಡಿಯ ತಾತನವರ ಪಾಲಾಯಿತು. ಆಸ್ಪತ್ರೆಗಳಿಗೆ ಫೋನ್ ಮಾಡುವ ಕೆಲಸ, ಕಿವಿ ಮಂದವಾಗಿದ್ದ ಮೇಷ್ಟ್ರಿಗೆ. ಅರವತ್ತರ ಎಳೆಯನಾದ ನಾನು ಉಪ ಬದಲಿ, ಅಂದರೆ ಬದಲಿಯವರಿಗೆ ಬದಲಿ. ಯಾರೋ ಬಾಡಿಗೆಯವರ ಮಾತೆತ್ತಿದಾಗ ಅಧ್ಯಕ್ಷರು, ‘ಇವತ್ತು ಇದ್ದು ನಾಳೆ ಹೋಗೋರು ಸಾರ್’ ಎಂದು ತಳ್ಳಿಹಾಕಿದರು. ಕಾಪಾಡಬೇಕಾದವರೂ ಕಾಪಾಡುವವರೂ ಒಂದೇ ಜನ ಎಂಬುದು ಬಾಲ್ಕನಿಯವರಿಗೂ ಹೊಳೆಯಲಿಲ್ಲ.

ವೈರಸ್ಸೂ ಹಿರಿತನಕ್ಕೆ ಮರ್ಯಾದೆ ಕೊಟ್ಟಿತು. ಪದಾಧಿಕಾರಿಗಳು ಒಬ್ಬೊಬ್ಬರಾಗಿ ಮಲಗಿದರು. ಆಗಲೇ ನನ್ನ ಹೆಂಡತಿಗೆ ಉಸಿರು ಕಟ್ಟತೊಡಗಿತು. ಹಾಸಿಗೆ ಸಿಗುವವರೆಗೆ ಆಕ್ಸಿಜನ್ ಹಚ್ಚಿ ಎಂದರು ಡಾಕ್ಟರು. ತಾತನವರಿಗೆ ಫೋನ್ ಮಾಡಿದೆ. ಅವರಿಗೂ ಜ್ವರ, ಯಂತ್ರ ಹಾಲ್‌ನಲ್ಲೇ ಇದೆ, ಆದರೆ ಅಧ್ಯಕ್ಷರ ಒಪ್ಪಿಗೆ ಬೇಕಂತೆ. ಅಧ್ಯಕ್ಷರಿಗೆ ಫೋನ್ ಮಾಡಿದರೆ ಅವರು ಕೆಮ್ಮುತ್ತಲೇ, ಬೇರೆಯವರನ್ನು ನೇಮಿಸಲು ಸಭೆ ಕರೆಯಬೇಕು, ಕೋರಂ ಇಲ್ಲವಲ್ಲ ಎಂದು ನಿಜವಾಗಿಯೇ ಮರುಗಿದರು. ನಾನೂ ಬಾಗಿಲಲ್ಲಿ ನಿಂತು, ಎದ್ದು ಓಡಾಡುವ ಸದಸ್ಯರು ಯಾರಿದ್ದಾರೆಂದು ಯೋಚಿಸತೊಡಗಿದೆ.

ಎದುರು ಮನೆಯಲ್ಲಿ ಬಾಡಿಗೆಗಿದ್ದ ವಿಜಯಪುರದ ಕಡೆಯ ಹೆಣ್ಣುಮಗಳು ಇದನ್ನೆಲ್ಲ ಕೇಳಿಸಿಕೊಂಡು ಹೊರಬಂದಳು.

‘ಮೀಟಿಂಗ್ ಆಮ್ಯಾಲ ಮಾಡ್ರಿ ಅಂಕಲ್. ಮೊದ್ಲ ಆಂಟಿ ಉಸಿರಾಡ್ಲಿ.’

ಮಾಸ್ಕಿನ ಮೇಲೊಂದು ಮಾಸ್ಕು ಹಾಕಿಕೊಂಡು ಲಿಫ್ಟಿನಲ್ಲಿ ಇಳಿದವಳು, ಯಂತ್ರದೊಂದಿಗೇ ಮೇಲೆ ಬಂದಳು. ಅದರ ಕುಂಕುಮ ಇನ್ನೂ ಮಾಸಿರಲಿಲ್ಲ.

ಅವಳೇ ಮೂಗಿಗೆ ನಳಿಕೆ ಹಚ್ಚಿದಳು. ಬೆರಳಿನ ಮೀಟರಿನಲ್ಲಿ ಅಂಕಿ ನಿಧಾನವಾಗಿ ಏರಿದ ಮೇಲೆ ಹೆಂಡತಿ ಕಣ್ಣು ತೆರೆದು ನನ್ನನ್ನೇ ನೋಡಿದಳು. ‘ನಿಮ್ದು ಯಾವ ಪೋಸ್ಟು?’

ಉಪ ಬದಲಿ ಎಂದೆ. ನಗಲು ಹೋಗಿ ಕೆಮ್ಮಿದಳು.

‘ಆಂಟೀನ ನಗಸಬ್ಯಾಡ್ರಿ. ನೀವು ಹೊರಗ ಕುಂದರ್ರಿ’ ಎಂದಳು ಬಾಡಿಗೆಯಾಕೆ.

ಸ್ವಂತ ಮನೆಯ ಮಾಲೀಕನಾದ ನಾನು ಹೊರಗೆ ಹೋಗಿ ಕೂತೆ. ಒಳಗಿನಿಂದ ಯಂತ್ರದ ಗುರುಗುರು, ನಡುನಡುವೆ ಇಬ್ಬರು ಹೆಂಗಸರ ಮೆಲುಮಾತು. ವಿಷಯ ಸಂಘವೇ ಇರಬೇಕು, ಇಲ್ಲವೇ ನಾನು. ಬೈಯುವಷ್ಟು ಉಸಿರು ಬಂತಲ್ಲ ಎಂದು, ಕೇಳಿಸದವನಂತೆ ಕೂತೇ ಇದ್ದೆ.