ಕೆಮ್ಮಿಗಿಂತ ಮೊದಲು ಬಂದ ಸುದ್ದಿ

ಭಟ್ಕಳಕ್ಕೆ ಬಂದ ಮರುದಿನ ಬೆಳಿಗ್ಗೆಯೇ ನಾನು ಬೀದಿಯಲ್ಲಿ ಒಳಚರಂಡಿಯ ಮುಚ್ಚಳ ತೆಗೆಸಿ, ಕುಕ್ಕರಗಾಲಿನಲ್ಲಿ ಕೂತು, ಹಗ್ಗ ಕಟ್ಟಿದ ಬಾಟಲಿಯನ್ನು ಕೊಳಚೆಗೆ ಇಳಿಬಿಡುತ್ತಿದ್ದೆ. ಸುತ್ತ ನೆರೆದವರು ಕೊಂಕಣಿ, ನವಾಯತಿ, ಕನ್ನಡಗಳಲ್ಲಿ ನನ್ನ ಬಗ್ಗೆಯೇ ಮಾತಾಡುತ್ತಿದ್ದರು. ಪೂರ್ತಿ ಅರ್ಥವಾದದ್ದು ಒಂದೇ ಮಾತು: “ಪಾಪ, ಎಂತದೋ ಬಿದ್ದು ಹೋಗಿರ್ಬೇಕು.”

ಬಿದ್ದದ್ದೇನೂ ಇರಲಿಲ್ಲ. ಫ್ಲೂ, ಕೊರೊನಾದಂಥ ಸೋಂಕು ತಗುಲಿದವರ ಮೈಯಿಂದ ವೈರಸ್ಸಿನ ಚೂರುಗಳು ಬಚ್ಚಲು, ಶೌಚದ ನೀರಿಗೂ ಸೇರುತ್ತವೆ. ಎಷ್ಟೋ ಸಲ ಜನ ಆಸ್ಪತ್ರೆಗೆ ಬರುವ ಮೊದಲೇ. ಆ ನೀರನ್ನು ಪರೀಕ್ಷಿಸುವ ಕೆಲಸ ಸಿಕ್ಕಿ ನಾನು ವಿಜಯಪುರ ಬಿಟ್ಟು ಬಂದೆ. ನಮ್ಮಲ್ಲಿ ಬೇಸಿಗೆಯಲ್ಲಿ ಗಟಾರವೂ ಒಣಗಿ ಬಿರುಕು ಬಿಡುತ್ತದೆ. ಇಲ್ಲಿ ಗೋಡೆ ಕೂಡ ಬೆವರುತ್ತದೆ. ಹೊನ್ನಾವರ, ಕುಮಟಾದ ಕಡೆ ಹೆಚ್ಚಿನ ಮನೆಗಳಿಗೆ ಅವರವರದೇ ಶೌಚದ ಗುಂಡಿ. ಅಲ್ಲಿಯ ನೀರು ಬೇಕಾದರೆ ಅದನ್ನು ಖಾಲಿ ಮಾಡುವ ಟ್ಯಾಂಕರಿಗೆ ನಾನು ಕಾದು ನಿಲ್ಲಬೇಕು. ಒಂದೊಂದು ಊರು ತನ್ನ ಕೊಳೆಯನ್ನು ಒಂದೊಂದು ರೀತಿ ಬಚ್ಚಿಡುತ್ತದೆಂದು ತಿಳಿಯುತ್ತಾ ಹೋದಂತೆ ನನಗೆ ಕುತೂಹಲ ಹೆಚ್ಚಿತು.

ಬಾಡಿಗೆಗೆ ಕೋಣೆ ಕೊಟ್ಟ ಗಿರಿಜಮ್ಮನಿಗೆ ಮಾತ್ರ ಹೇಸಿಗೆ. ಹೊರಗಿನ ನಲ್ಲಿಯಲ್ಲಿ ಸ್ನಾನ ಮುಗಿಸಿದ ಮೇಲೇ ಒಳಗೆ ಪ್ರವೇಶ. ಆದರೂ ಕುಚಲಕ್ಕಿ ಅನ್ನ ನನ್ನ ಗಂಟಲಲ್ಲಿ ಇಳಿಯದ್ದು ನೋಡಿ ಜೋಳದ ಹಿಟ್ಟು ಹುಡುಕಿ ತಂದವಳೂ ಅವಳೇ. ಅವಳಿಗೆ ಉಬ್ಬಸ. ಒಂದು ದಿನ ಜಗಲಿಯಲ್ಲಿ ಕೂತು ಕೇಳಿದಳು: “ಆ ನೀರಲ್ಲಿರೋ ಕಾಯಿಲೆ ಯಾರ ಮನೇದು ಅಂತ ಗೊತ್ತಾಗ್ತದಾ?”

“ಇಲ್ರೀ. ಹತ್ತಾರು ಓಣಿ ನೀರು ಒಟ್ಟಿಗೆ ಬರ್ತದ.”

“ಕೇರಿ ಹೆಸ್ರು ಗೊತ್ತಾದ್ರೂ ಹೇಳ್ಬೇಡ. ಕೊರೊನಾ ಟೈಮಲ್ಲಿ ನಮ್ಮ ಕೇರಿಗೆ ಯಾರೂ ಬರದ ಹಾಗೆ ಅಡ್ಡ ಬಿದಿರು ಕಟ್ಟಿದ್ರು. ಅದು ಬಿಚ್ಚಿದ ಮೇಲೂ ನನ್ನ ತಂಗಿ ಹತ್ರ ಯಾರೂ ಮೀನು ತಗಳ್ಲಿಲ್ಲ.”

ಮಳೆ ಹಿಡಿಯುವ ಹೊತ್ತಿಗೆ ಒಂದು ಕಡೆಯ ನೀರಿನಲ್ಲಿ ಫ್ಲೂ ವೈರಸ್ ಏರತೊಡಗಿತು. ಮುಂದಿನ ಪರೀಕ್ಷೆಯಲ್ಲಿ ಇನ್ನೂ ಏರಿತ್ತು. ಆಸ್ಪತ್ರೆಯ ಬೆಂಚುಗಳು ಮಾತ್ರ ಖಾಲಿ. ಆರೋಗ್ಯ ಇಲಾಖೆಯವರು ಸಭೆ ಕರೆದರು. ಒಬ್ಬರು ಆ ಭಾಗದ ಹೆಸರನ್ನೇ ಪ್ರಕಟಣೆಯಲ್ಲಿ ಹಾಕೋಣ, ಜನ ಹುಷಾರಾಗುತ್ತಾರೆ ಎಂದರು. ನಾನು ಹೊಸಬಳು, ಹೊರಗಿನವಳು. ಆದರೂ ಎದ್ದು ನಿಂತೆ. “ಹೆಸರು ಹಾಕಿದರೆ ಅಲ್ಲಿಯವರು ಜ್ವರ ಬಂದರೂ ಮುಚ್ಚಿಡುತ್ತಾರೆ, ಉಳಿದವರು ತಮಗಲ್ಲ ಅಂದುಕೊಳ್ಳುತ್ತಾರೆ” ಎಂದೆ. ಆಸ್ಪತ್ರೆಯ ವೈದ್ಯರು, “ಇಡೀ ಪೇಟೆಗೇ ಹೇಳುವ. ಆತು” ಎಂದರು. ಔಷಧಿ, ಆಮ್ಲಜನಕ ತರಿಸಿಟ್ಟರು. ಆಶಾ ಕಾರ್ಯಕರ್ತೆಯರು ಎಲ್ಲ ಕೇರಿಗಳಲ್ಲೂ ವಯಸ್ಸಾದವರ, ಬಸುರಿಯರ ಮನೆಗೆ ಹೋಗಿ ಹೇಳಿ ಬಂದರು.

ಗಿರಿಜಮ್ಮ ಮುರ್ಡೇಶ್ವರದ ಮದುವೆಗೆ ಹೊರಟಿದ್ದಳು. ಮಾಸ್ಕ್ ಕೊಟ್ಟೆ.

“ಜನಕ್ಕೆ ಜ್ವರ ಇಲ್ಲ, ನೀರಿಗೆ ಬಂತಾ?” ಎಂದು ನಕ್ಕಳು. ಆದರೂ ಹಾಕಿಕೊಂಡು ಹೋಗಿ, ಮದುವೆ ಮಂಟಪದ ಹೊರಗೇ ಕೂತು ಬಂದಳಂತೆ.

ಆಮೇಲೆ ಜ್ವರ ಊರೆಲ್ಲ ಹರಡಿತು. ಗಿರಿಜಮ್ಮನಿಗೂ ಬಂತು. ಆದರೆ ಕಷಾಯ ಕುಡಿದು ಕಾಯುತ್ತಾ ಕೂರದೆ, ಮೈ ಬಿಸಿಯಾದ ದಿನವೇ ಆಸ್ಪತ್ರೆಗೆ ನಡೆದಳು. ಬೇಗ ಬಂದದ್ದು ಒಳ್ಳೆಯದಾಯಿತು ಎಂದು ವೈದ್ಯರು ಮಾತ್ರೆ ಕೊಟ್ಟು ಕಳಿಸಿದರು. ಉಸಿರು ಕಟ್ಟಲಿಲ್ಲ. ನೀರು ಹೇಳಿದ್ದರಿಂದಲೇ ಅವಳು ಉಳಿದಳೆಂದು ಹೇಳಲಾರೆ. ಯಾವ ಕೇರಿಗೂ ಬಿದಿರು ಕಟ್ಟಲಿಲ್ಲ ಎನ್ನುವುದನ್ನು ಕಣ್ಣಾರೆ ಕಂಡಿದ್ದೇನೆ.

ಮೊನ್ನೆ ರಜೆಗೆ ವಿಜಯಪುರಕ್ಕೆ ಹೋಗಿದ್ದೆ. ಓಣಿಯಲ್ಲಿ ಎಲ್ಲರಿಗೂ ಕೆಮ್ಮು. ಮನೆ ಮುಂದಿನ ತೆರೆದ ಗಟಾರದ ಬಳಿ ನಿಂತು, ಇದರೊಳಗೆ ಏನೇನಿರಬಹುದು ಎಂದು ನೋಡುತ್ತಿದ್ದೆ. ಅಷ್ಟರಲ್ಲಿ ಅವ್ವ ಊಟಕ್ಕೆ ಕರೆದಳು. ಬಿಸಿ ರೊಟ್ಟಿ ಮುರಿಯುವಾಗ ಗಿರಿಜಮ್ಮನ ಫೋನು ಬಂತು. “ಮಳೆ ಜೋರು. ನಿನ್ ಕೋಣೆ ಕಿಟಕಿ ಹಾಕಿದೆ. ಯಾವಾಗ ಬರ್ತೆ?”

“ಯಾರವ್ವಾ?” ಎಂದು ಅವ್ವ ಕೇಳಿದಳು.

“ಮನೀಂದ” ಎಂದುಬಿಟ್ಟೆ.

ಅವ್ವ ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.