ಮರಿಲಿಂಗನ ಮುಚ್ಚಳ

ಭೀಮೆಯ ದಂಡೆಯಲ್ಲಿ ಮೀನುಗಾರರಿಗೆ ಐಸ್ ಮಾರುವ ಮರಿಲಿಂಗ, ಯಾರಾದರೂ ಪೆಟ್ಟಿಗೆಯ ಮುಚ್ಚಳವನ್ನು ಕ್ಷಣಕಾಲ ತೆರೆದಿಟ್ಟರೂ, “ಲಗೂನ ಮುಚ್ರಿ, ಇದು ಯಾದಗಿರಿ ಬಿಸಿಲು ಅದ” ಎಂದು ಗದರುತ್ತಾನೆ. ಮುಂಜಾನೆ ಮೊಬೈಲಿನಲ್ಲಿ, ಮಂಜುಗಡ್ಡೆಯ ಮೇಲೆ ಆಡುವ ಕೆನಡಾದ ಹಾಕಿಯನ್ನು ಕನಸಿನಂತೆ ನೋಡುತ್ತಾನೆ. ಹದಿನೆಂಟಕ್ಕೇ ದೊಡ್ಡ ತಂಡ ಸೇರಿ, ಆರು ತಂಡ ತಿರುಗಿ, ಈಗ ನಲವತ್ತರ ಹೊಸ್ತಿಲಲ್ಲಿ ಸಣ್ಣ ಊರೊಂದರ ತಂಡದ ಬೆಂಚಿನಲ್ಲಿ ಕೂತಿರುವ ಡೇಲ್ ಎಂಬಾತನೇ ಅವನ ಮೆಚ್ಚಿನ ಆಟಗಾರ. “ಇವತ್ತರ ಆಡಾಕ ಇಳಿಸಿದ್ರೇನು ಕಾಕಾ?” ಎಂದು ಮೀನು ಮಾರುವ ರೇಣಮ್ಮ ಕೆಣಕಿದರೆ, “ಕುಂದರಿಸ್ಯಾರವ್ವ. ಆದ್ರ ಬೂಟಿನ ದಾರ ಬಿಚ್ಚಿಲ್ಲ ನೋಡು” ಎನ್ನುತ್ತಾನೆ. ಹರೆಯದಲ್ಲಿ ಅವನೂ ತಾಲ್ಲೂಕಿನ ಕಬಡ್ಡಿ ತಂಡದ ಅಂಚಿನಲ್ಲಿ, ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು, ಪಂದ್ಯ ಮುಗಿಯುವವರೆಗೆ ಕಾದು ಕೂತಿದ್ದ, ಯಾರೂ ಕರೆಯಲಿಲ್ಲ. ಮೊನ್ನೆ ಕೊನೆಯ ಐದು ನಿಮಿಷಕ್ಕೆ ಡೇಲ್‌ನನ್ನು ಇಳಿಸಿದರು. ಮೊಬೈಲಿನ ಮೇಲೆ ಕಣ್ಣಿಟ್ಟೇ ಐಸ್ ತೆಗೆಯುತ್ತಿದ್ದ ಮರಿಲಿಂಗ ಹಾಗೆಯೇ ಎದ್ದು ನಿಂತ. ತೆರೆದ ಪೆಟ್ಟಿಗೆಯಿಂದ ಕರಗಿದ ನೀರು ಅವನ ಪಾದಗಳನ್ನು ತೋಯಿಸಿ ನದಿಯ ಕಡೆಗೆ ಹರಿಯಿತು. ಮುಚ್ಚಳದ ನೆನಪು ಅವನಿಗಿರಲಿಲ್ಲ.